ಸಿಡಿಲಿಗೆ ಸಿಕ್ಕ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಿಂದ ಅಪ್ಪನ ಕಡತಗಳನ್ನು ಹೊರತೆಗೆಯಲು ಸಾಧ್ಯವೇ?

ಶರಾವತಿ ಹಿನ್ನೀರು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದ ನಮ್ಮ ತಂದೆಯವರು ನಿವೃತ್ತಿಯಾದ ಮೇಲೆ, 2009ರಲ್ಲಿ, ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಂಡರು. ಸುತ್ತಲಿನ ಊರುಗಳಲ್ಲಿ ವರ್ಷಾನುಗಟ್ಟಲೆ ಕೇಳಿ ಬರೆದುಕೊಂಡಿದ್ದ, ದೀಪಾವಳಿಯಲ್ಲಿ ಮನೆಮನೆಗೆ ಹೋಗಿ ಹಾಡುವ ಅಂಟಿಗೆ-ಪಂಟಿಗೆ ಪದಗಳನ್ನೂ ಮದುವೆಯಲ್ಲಿ ಹಾಡುವ ಸೋಬಾನೆ ಪದಗಳನ್ನೂ ನುಡಿ ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡುತ್ತಾ ಬಂದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಮೂಲ ನೋಟುಪುಸ್ತಕಗಳಲ್ಲಿ ಬಹುಪಾಲು ಮಳೆಗಾಲದ ಥಂಡಿಗೂ ಗೆದ್ದಲಿಗೂ ಹೋಗಿವೆ. ಹೀಗಾಗಿ ಆ ಪದಗಳು ಈಗ ಇರುವುದು ಈ ಕಂಪ್ಯೂಟರಿನಲ್ಲಿ ಮಾತ್ರ.

ಈ ವರ್ಷ ಭರಣಿ ಮಳೆಯ ಹೊತ್ತಿಗೆ ಮನೆಯ ಹತ್ತಿರವೇ ಸಿಡಿಲು ಬಡಿಯಿತು. ಕರೆಂಟಿನ ಪ್ಲಗ್ ತೆಗೆದಿದ್ದೆವು, ಆದರೆ ದೂರವಾಣಿ ತಂತಿಯಿಂದ ಮೋಡೆಮ್ಮಿಗೂ ಅಲ್ಲಿಂದ ಕಂಪ್ಯೂಟರಿಗೂ ಹೋಗಿದ್ದ ಕೇಬಲ್ಲನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಮೋಡೆಮ್ ಸುಟ್ಟು ಕಪ್ಪಾಯಿತು. ಕಂಪ್ಯೂಟರಿನ ಗುಂಡಿ ಒತ್ತಿದರೆ ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಪೇಟೆಯ ರಿಪೇರಿ ಅಂಗಡಿಯವರು ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ, ಹಾರ್ಡ್ ಡಿಸ್ಕಿನ ವೈರು ಕಿತ್ತರೆ ಫ್ಯಾನು ತಿರುಗುತ್ತದೆ, ಸಿಕ್ಕಿಸಿದರೆ ನಿಲ್ಲುತ್ತದೆ, ಆದ್ದರಿಂದ ಡಿಸ್ಕ್ ಪೂರ್ತಿ ಸುಟ್ಟಿದೆ, ಎಸೆದು ಹೊಸದು ಹಾಕಿಸಿ ಎಂದರು. ಅದನ್ನು ಎಸೆಯಲು ಮನಸ್ಸು ಬಾರದೆ ಮನೆಗೆ ತಂದಿಟ್ಟುಕೊಂಡಿದ್ದೇನೆ. 500 ಗಿಗಾಬೈಟಿನ, ಮೂರೂವರೆ ಇಂಚಿನ ಸಾಟಾ ಡಿಸ್ಕ್. ಅದರೊಳಗಿನದು ನಿಜವಾಗಿಯೂ ಹೋಯಿತೇ? ತಿಳಿದವರು ದಯವಿಟ್ಟು ಹೇಳಿ.

ಬೆಸುಗೆ ಮೇಜು:

ಹಿನ್ನೀರು ಅವರೇ, ಮೊದಲ ಕೆಲಸವಾಗಿ ಆ ಡಿಸ್ಕಿಗೆ ಕರೆಂಟು ಕೊಡುವುದನ್ನು ನಿಲ್ಲಿಸಿ. ಯಾರು ಎಷ್ಟೇ ಒತ್ತಾಯಿಸಿದರೂ ಇನ್ನೊಂದು ಸಲ ನೋಡೋಣ ಎಂದು ಸಿಕ್ಕಿಸಲು ಬಿಡಬೇಡಿ. ಎರಡನೆಯದಾಗಿ, ಧೈರ್ಯವಾಗಿರಿ. ಇಪ್ಪತ್ತು ವರ್ಷದಿಂದ ಬೋರ್ಡುಗಳ ರಿಪೇರಿಯನ್ನೇ ಮಾಡಿಕೊಂಡು ಬಂದಿರುವ ನನಗೆ, ನೀವು ಬರೆದ ಲಕ್ಷಣ ಬಹಳ ಪರಿಚಿತವಾದದ್ದು.

ಡಿಸ್ಕಿಗೆ ಎಸ್‌ಎಂಪಿಎಸ್‌ನಿಂದ ಎರಡು ಬಗೆಯ ವಿದ್ಯುತ್ತು ಹೋಗುತ್ತದೆ. 12 ವೋಲ್ಟಿನದು ಮುಖ್ಯವಾಗಿ ಒಳಗಿನ ತಟ್ಟೆಗಳನ್ನು ತಿರುಗಿಸುವ ಮೋಟಾರಿಗೆ, 5 ವೋಲ್ಟಿನದು ಚಿಪ್ಪುಗಳಿಗೆ. ಈ ಎರಡು ದಾರಿಗಳ ಬಾಯಲ್ಲೂ, ಪವರ್ ಕನೆಕ್ಟರಿನ ಪಕ್ಕದಲ್ಲೇ, ಟಿವಿಎಸ್ ಡಯೋಡ್ ಎಂಬ ಚಿಕ್ಕ ಕಪ್ಪು ಬಿಡಿಭಾಗ ಒಂದೊಂದು ಇರುತ್ತದೆ. ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡದು, ಚೌಕಾಕಾರ, ಎರಡು ತುದಿಯಲ್ಲಿ ತವರದ ಕಾಲು. ಸಾಮಾನ್ಯ ದಿನಗಳಲ್ಲಿ ಅದಕ್ಕೆ ಕೆಲಸವೇ ಇಲ್ಲ. ವೋಲ್ಟೇಜು ಮಿತಿ ಮೀರಿ ನುಗ್ಗಿದ ಕ್ಷಣದಲ್ಲಿ ಅದು ದಾರಿ ತೆರೆದು ಆ ಹೊಡೆತವನ್ನು ನೆಲಕ್ಕೆ, ಅಂದರೆ ಗ್ರೌಂಡಿಗೆ, ಹರಿಸುತ್ತದೆ. ಹೊಡೆತ ತೀರಾ ಜೋರಾಗಿದ್ದರೆ ತಾನೇ ಸುಟ್ಟು ಶಾಶ್ವತವಾಗಿ ಶಾರ್ಟ್ ಆಗಿ ಕುಳಿತುಬಿಡುತ್ತದೆ. ಆಮೇಲೆ ಯಾವ ಎಸ್‌ಎಂಪಿಎಸ್ ಹಾಕಿದರೂ ಅದು ಶಾರ್ಟನ್ನು ಗುರುತಿಸಿ ಕೂಡಲೇ ನಿಂತುಹೋಗುತ್ತದೆ. ನಿಮ್ಮ ಫ್ಯಾನಿನ ಅರ್ಧ ಸುತ್ತು ಇದೇ. ಅಂಗಡಿಯವರು ಕಂಡದ್ದು ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು.

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಡಿಸ್ಕನ್ನು ಯಾವುದಕ್ಕೂ ಸಿಕ್ಕಿಸದೆ ಬಟ್ಟೆಯ ಮೇಲೆ ಸರ್ಕ್ಯೂಟ್ ಬೋರ್ಡು ಮೇಲಾಗಿ ಇಡಿ. ಮೀಟರನ್ನು 200 ಓಮ್ ಸ್ಥಾನಕ್ಕೆ ತಿರುಗಿಸಿ, ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ತಂತಿಯದೇ ಅಳತೆ ಎಷ್ಟೆಂದು ಬರೆದುಕೊಳ್ಳಿ. ಆಮೇಲೆ ಒಂದೊಂದು ಡಯೋಡಿನ ಎರಡು ತುದಿಗೂ ಕಡ್ಡಿ ಮುಟ್ಟಿಸಿ, ಅದಲುಬದಲು ಮಾಡಿ ಮತ್ತೊಮ್ಮೆ ನೋಡಿ. ಎರಡೂ ದಿಕ್ಕಿನಲ್ಲಿ ಅಳತೆ ಸೊನ್ನೆಯ ಹತ್ತಿರವೇ ಇದ್ದರೆ ಆ ಡಯೋಡ್ ಶಾರ್ಟ್ ಆಗಿದೆ. ಡಿಸ್ಕಿನ ಲೋಹದ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗೆ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುವಾಗ ದತ್ತಾಂಶ ಓದುವ ಹೆಡ್ಡುಗಳು ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತವೆ. ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಎಂದರೆ, ಮನೆಯ ಗಾಳಿಯಲ್ಲಿರುವ ಧೂಳಿನ ಒಂದು ಕಣ ಅಲ್ಲಿ ಬಂಡೆಯಿದ್ದ ಹಾಗೆ.

ಹಳೇ ದಾಸ್ತಾನು:

ಬೆಸುಗೆ ಮೇಜು ಅವರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಯಾರಾದರೂ ನಿಮಗೆ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಹಾಕಿದರೆ ಸಾಕು ಎಂದು ಹೇಳಬಹುದು, ದಯವಿಟ್ಟು ಒಪ್ಪಬೇಡಿ. ನಾನು 2016ರಲ್ಲಿ ಹಾಗೆ ಮಾಡಿ ಕೈ ಸುಟ್ಟುಕೊಂಡವನು. ನಮ್ಮ ಸ್ಟುಡಿಯೋದ ಮದುವೆ ಚಿತ್ರಗಳಿದ್ದ ಡಿಸ್ಕಿನ ಬೋರ್ಡ್ ಸುಟ್ಟಾಗ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ದಿನವೆಲ್ಲ ಅಲೆದು, ಅಂಕಿಯಿಂದ ಅಂಕಿಗೆ ಹೋಲುವ ಬೋರ್ಡನ್ನೇ ಹುಡುಕಿ ತಂದು ಹಾಕಿಸಿದೆ. ಡಿಸ್ಕ್ ತಿರುಗಿತು, ಆದರೆ ಟಕ್, ಟಕ್ ಎಂದು ಬಡಿಯತೊಡಗಿತು. ಈಗ ಸರಿಹೋದೀತು, ಆಗ ಸರಿಹೋದೀತು ಎಂದು ಅರ್ಧ ಗಂಟೆ ಹಾಗೇ ಬಿಟ್ಟೆ. ಆಮೇಲೆ ದತ್ತಾಂಶ ಹೊರತೆಗೆಯುವ ಪ್ರಯೋಗಾಲಯಕ್ಕೆ ಕಳಿಸಿದಾಗ, ಹೆಡ್ಡುಗಳು ತಟ್ಟೆಗೆ ಉಜ್ಜಿ ಗೀರು ಬಿದ್ದಿದೆ, ಏನೂ ಸಿಗುವುದಿಲ್ಲ ಎಂಬ ಉತ್ತರ ಬಂತು. ಎರಡು ಕುಟುಂಬಗಳ ಮದುವೆಯ ಚಿತ್ರಗಳು ಹಾಗೆ ಹೋದವು. ಆ ಮನೆಗಳ ಮುಂದೆ ಈಗಲೂ ತಲೆಯೆತ್ತಿ ಹೋಗಲು ನನಗೆ ಕಷ್ಟ.

ಕಾರಣ ಆಮೇಲೆ ತಿಳಿಯಿತು. ಪ್ರತಿಯೊಂದು ಡಿಸ್ಕನ್ನೂ ಕಾರ್ಖಾನೆಯಲ್ಲಿ ಅದರದೇ ಹೆಡ್ಡುಗಳ, ತಟ್ಟೆಗಳ ಗುಣಕ್ಕೆ ಹೊಂದಿಸಿ, ಆ ಹೊಂದಾಣಿಕೆಯ ಅಂಕಿಗಳನ್ನು ಬೋರ್ಡಿನ ಮೇಲಿರುವ ಎಂಟು ಕಾಲಿನ ಒಂದು ಪುಟ್ಟ ರೋಮ್ ಚಿಪ್ಪಿನಲ್ಲಿ, ಅಂದರೆ ಕರೆಂಟು ಹೋದರೂ ಬರೆದದ್ದು ಅಳಿಯದ ಚಿಪ್ಪಿನಲ್ಲಿ, ಬರೆದಿರುತ್ತಾರೆ. ಬೋರ್ಡ್ ಬದಲಿಸುವುದಾದರೆ ಹಳೆಯ ಚಿಪ್ಪನ್ನು ಕಿತ್ತು ಹೊಸ ಬೋರ್ಡಿಗೆ ಬೆಸೆಯಲೇಬೇಕು. ಕೆಲವು ಬೋರ್ಡುಗಳಲ್ಲಿ ಆ ಚಿಪ್ಪು ಬೇರೆಯಾಗಿ ಕಾಣುವುದೇ ಇಲ್ಲ, ಮುಖ್ಯ ಚಿಪ್ಪಿನೊಳಗೇ ಇರುತ್ತದೆ. ಆಗ ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಶರಾವತಿ ಹಿನ್ನೀರು:

ಇಬ್ಬರಿಗೂ ಕೃತಜ್ಞತೆಗಳು. ಚಿಕ್ಕಮ್ಮನ ಮಗ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಅವನು ಇವತ್ತು ಮಲ್ಟಿಮೀಟರ್ ತಂದು ನೋಡಿದ. ಕಡ್ಡಿಗಳನ್ನು ತಾಗಿಸಿದಾಗ 0.3 ಓಮ್ ತೋರಿಸಿತು. ಕನೆಕ್ಟರಿನ ಪಕ್ಕದ ಎರಡು ಡಯೋಡುಗಳಲ್ಲಿ 12 ವೋಲ್ಟಿನ ದಾರಿಯದು ಎರಡೂ ದಿಕ್ಕಿನಲ್ಲಿ 0.4 ತೋರಿಸುತ್ತದೆ. 5 ವೋಲ್ಟಿನದರಲ್ಲಿ ಶಾರ್ಟ್ ಕಾಣಲಿಲ್ಲ. ನಕ್ಷತ್ರದಂಥ ತಲೆಯ ಸ್ಕ್ರೂಗಳನ್ನು ಬಿಚ್ಚಿ ಬೋರ್ಡಿನ ಒಳಮೈಯನ್ನೂ ಟಾರ್ಚು ಹಾಕಿ ನೋಡಿದೆವು. ಎಲ್ಲಿಯೂ ಸುಟ್ಟ ಗುರುತಾಗಲಿ ಉಬ್ಬಿದ ಚಿಪ್ಪಾಗಲಿ ಇಲ್ಲ. ಒಂದೆಡೆ ಸಾಲಾಗಿ ಇರುವ ಬಂಗಾರದ ಬಣ್ಣದ ಚುಕ್ಕೆಗಳು ಮಾತ್ರ ಕಪ್ಪಗಾಗಿವೆ. ಆ ಡಯೋಡನ್ನು ಕೀಳಬಹುದೇ? ಅಮ್ಮ ಪಕ್ಕದಲ್ಲೇ ಕುಳಿತು, ಮುಟ್ಟಿ ಹಾಳುಮಾಡಬೇಡಿ ಎನ್ನುತ್ತಿದ್ದಾರೆ.

ಕರಾವಳಿ ಕಚೇರಿ:

ಅಮ್ಮನವರ ಮಾತಿನಲ್ಲಿ ತಿರುಳಿದೆ ಎಂದು ನನಗೆ ಅನ್ನಿಸುತ್ತದೆ. ಬೆಸುಗೆ ಮೇಜು ಅವರ ಪರಿಣತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಎರಡನೆಯ ಪ್ರತಿಯೇ ಇಲ್ಲದ ದತ್ತಾಂಶದ ಮೇಲೆ ಮೊದಲ ಪ್ರಯತ್ನವೇ ಅತ್ಯುತ್ತಮ ಪ್ರಯತ್ನವಾಗಿರಬೇಕು ಎಂಬುದು ನನ್ನ ನಿಲುವು. ಕಚೇರಿಯಲ್ಲಿ ದತ್ತಾಂಶದ ಹೊಣೆ ಹೊತ್ತವನಾಗಿ ನಾಲ್ಕೈದು ಸಲ ಡಿಸ್ಕುಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೇನೆ. ಅಲ್ಲಿ ಧೂಳುರಹಿತ ಕೋಣೆಯಲ್ಲಿ ಹೆಡ್ಡುಗಳನ್ನು ಬದಲಿಸುವ ವ್ಯವಸ್ಥೆ ಇರುತ್ತದೆ. ಕಳಿಸುವ ಮುನ್ನ ಕೆಲವನ್ನು ಬರಹದಲ್ಲಿ ಕೇಳಿ ಪಡೆಯಿರಿ: ಪರೀಕ್ಷೆಯ ಶುಲ್ಕ ಎಷ್ಟು, ಕಡತಗಳು ಸಿಗದಿದ್ದರೆ ಏನನ್ನು ಕೊಡಬೇಕು, ಬಿಡಿಭಾಗಕ್ಕಾಗಿ ಇನ್ನೊಂದು ಡಿಸ್ಕ್ ಕೊಳ್ಳಬೇಕಾದರೆ ಅದರ ಬೆಲೆ ಯಾರದು, ನಮ್ಮನ್ನು ಕೇಳದೆ ಮುಚ್ಚಳ ತೆರೆಯುತ್ತೀರೋ ಇಲ್ಲವೋ. ಸಿಕ್ಕ ಕಡತಗಳ ಪಟ್ಟಿಯನ್ನು ತೋರಿಸಿದ ಮೇಲೆಯೇ ಹಣ ಕೊಡುವ ಕರಾರು ಮಾಡಿಕೊಳ್ಳಿ.

ಪರಿಣತರ ಕೈಯಲ್ಲಿ ಏನೆಲ್ಲ ಸಾಧ್ಯ ಎನ್ನುವುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆ ಆಕಾಶದಲ್ಲೇ ಛಿದ್ರವಾಯಿತಲ್ಲ, ಅದರ ಅವಶೇಷಗಳಲ್ಲಿ ಕೆಲವು ನೂರು ಮೆಗಾಬೈಟಿನ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಕ್ಸೆನಾನ್ ಅನಿಲದ ಸ್ನಿಗ್ಧತೆಯ ಬಗ್ಗೆ ನೌಕೆಯಲ್ಲಿ ನಡೆದ ಪ್ರಯೋಗದ ದತ್ತಾಂಶ ಅದರಲ್ಲಿತ್ತು. ಹೊರಕವಚ ಸುಟ್ಟು, ಒಳಗೆ ಕೊಳೆ ಸೇರಿದ್ದ ಆ ಡಿಸ್ಕಿನ ತಟ್ಟೆಗಳನ್ನು ತೊಳೆದು ಬೇರೆ ಕವಚದಲ್ಲಿ ಕೂರಿಸಿ, ಆನ್‌ಟ್ರ್ಯಾಕ್ ಸಂಸ್ಥೆಯವರು ಶೇ. 99ರಷ್ಟನ್ನು ಓದಿ ತೆಗೆದರು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹಳೆಯ ಡಾಸ್ ವ್ಯವಸ್ಥೆ ದತ್ತಾಂಶವನ್ನು ಚೆದುರಿಸದೆ ಒಂದೇ ಕಡೆ ಬರೆದಿದ್ದದ್ದೂ ಅನುಕೂಲವಾಯಿತು. ಅದೇ ನೌಕೆಯ ಮತ್ತೆರಡು ಡಿಸ್ಕುಗಳಿಂದ ಏನೂ ಸಿಗಲಿಲ್ಲ ಎನ್ನುವುದನ್ನೂ ಹೇಳಬೇಕು.

ಬೆಸುಗೆ ಮೇಜು:

ಕರಾವಳಿಯವರ ಎಚ್ಚರಿಕೆಯನ್ನು ಗೌರವಿಸುತ್ತೇನೆ. ಡಿಸ್ಕ್ ಬಿದ್ದಿದ್ದರೆ, ಶಬ್ದ ಮಾಡುತ್ತಿದ್ದರೆ ಅಥವಾ ನೀರಿನಲ್ಲಿ ಮುಳುಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನೆರೆಯಲ್ಲಿ ಮುಳುಗಿದ ಡಿಸ್ಕನ್ನಂತೂ ಬಿಸಿಲಿಗೆ ಇಟ್ಟು ಒಣಗಿಸಲೂ ಬಾರದು, ಕೆಸರು ತಟ್ಟೆಯ ಮೇಲೆ ಒಣಗಿ ಅಂಟುತ್ತದೆ. ತೇವ ಆರದಂತೆ ಚೀಲದಲ್ಲಿ ಮುಚ್ಚಿ ಬೇಗ ಕಳಿಸಬೇಕು. ಆದರೆ ಇಲ್ಲಿ ಶಾರ್ಟ್ ಆಗಿರುವ ಡಯೋಡನ್ನು ತೆಗೆಯುವುದರಿಂದ ಡಿಸ್ಕಿನೊಳಗಿನ ಯಾವುದೂ ಬದಲಾಗುವುದಿಲ್ಲ. ಕೆಲಸ ಆಗದಿದ್ದರೆ ಪ್ರಯೋಗಾಲಯದ ದಾರಿ ಹಾಗೆಯೇ ತೆರೆದಿರುತ್ತದೆ. ಆದ್ದರಿಂದ ಒಂದು ಗೆರೆ ಎಳೆದುಕೊಳ್ಳೋಣ. ಡಯೋಡ್ ತೆಗೆದು ಕರೆಂಟು ಕೊಟ್ಟಾಗ ಡಿಸ್ಕ್ ಸರಾಗವಾಗಿ ತಿರುಗಿದರೆ ಮುಂದುವರಿಯಿರಿ. ಬಡಿತ, ಉಜ್ಜಿದ ಸದ್ದು, ಅಥವಾ ಮೋಟಾರು ತಿಣುಕುವ ಕೀಚಲು ಸದ್ದು, ಇವುಗಳಲ್ಲಿ ಒಂದು ಕೇಳಿದರೂ ಆ ಕ್ಷಣವೇ ಕರೆಂಟು ತೆಗೆದು ಪ್ರಯೋಗಾಲಯಕ್ಕೆ ಕಳಿಸಿ.

ನಿಮ್ಮ ತಮ್ಮನಿಗೆ ಹೀಗೆ ಹೇಳಿ. ಬೋರ್ಡನ್ನು ಬಿಚ್ಚಿ ಬೇರೆಯಿಟ್ಟು, ಸೋಲ್ಡರಿಂಗ್ ಐರನ್ನಿನಿಂದ ಡಯೋಡಿನ ಎರಡು ಕಾಲನ್ನೂ ಸರದಿಯಂತೆ ಬಿಸಿ ಮಾಡುತ್ತಾ ಚಿಮುಟದಿಂದ ಎತ್ತಬೇಕು. ಬಲ ಹಾಕಿ ಮುರಿದರೆ ಕೆಳಗಿನ ತಾಮ್ರದ ಪಟ್ಟಿಯೇ ಎದ್ದು ಬರಬಹುದು. ಎತ್ತಿದ ಮೇಲೆ ಆ ಜಾಗದಲ್ಲಿ ಮತ್ತೆ ಅಳೆಯಬೇಕು. ಇನ್ನೂ ಸೊನ್ನೆಯನ್ನೇ ತೋರಿಸಿದರೆ ಮೋಟಾರು ನಡೆಸುವ ಚಿಪ್ಪೂ ಹೋಗಿರಬಹುದು, ಅಲ್ಲಿಗೆ ನಿಲ್ಲಿಸಿ. ಕಪ್ಪಗಾದ ಬಂಗಾರದ ಚುಕ್ಕೆಗಳೆಂದರೆ ಹೆಡ್ಡಿಗೂ ಬೋರ್ಡಿಗೂ ಸಂಪರ್ಕ ಕೊಡುವ ಜಾಗ. ಮಲೆನಾಡಿನ ಥಂಡಿಗೆ ಅವು ಕಪ್ಪಾಗುವುದು ಸಹಜ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಡಯೋಡ್ ಇಲ್ಲದ ಡಿಸ್ಕಿಗೆ ಇನ್ನು ರಕ್ಷಣೆಯಿಲ್ಲ, ಆದ್ದರಿಂದ ನಂಬಿಕೆಯ ಹೊಸ ಎಸ್‌ಎಂಪಿಎಸ್ಸನ್ನೇ ಬಳಸಿ. ಮಳೆ ಗುಡುಗು ಇಲ್ಲದ ದಿನ ಮಾಡಿ.

ಡಿಸ್ಕ್ ತಿರುಗಿತೆಂದು ಕೂಡಲೇ ಕಡತಗಳನ್ನು ತೆರೆದು ನೋಡುವ ಆಸೆಗೆ ಬೀಳಬೇಡಿ. ಅತ್ತಿಂದಿತ್ತ ಹುಡುಕಾಡಿದಷ್ಟೂ ಹೆಡ್ಡು ಓಡಾಡಬೇಕಾಗುತ್ತದೆ. ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು, ಅಂದರೆ ಇಮೇಜನ್ನು, ಇನ್ನೊಂದು ದೊಡ್ಡ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಉಳಿದ ಹುಡುಕಾಟವೆಲ್ಲ ಆ ಪ್ರತಿಯ ಮೇಲೆಯೇ ನಡೆಯಲಿ. ಇದಕ್ಕೆ ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ, ಡಿಸ್ಕುಗಳು ತಾವಾಗಿಯೇ ತೆರೆದುಕೊಳ್ಳುವ ಆಟೋ ಮೌಂಟ್ ಆಯ್ಕೆಯನ್ನು ಆಫ್ ಮಾಡಿ, ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಿ. ಮಾಮೂಲಿ ಕಾಪಿ ಮಾಡುವಾಗ ಕೆಟ್ಟ ಸೆಕ್ಟರ್, ಅಂದರೆ ಡಿಸ್ಕಿನ ಓದಲಾಗದ ಪುಟ್ಟ ತುಂಡು, ಬಂದರೆ ಕೆಲಸ ಅಲ್ಲೇ ತಡವರಿಸುತ್ತದೆ. ಇದು ಹಾಗಲ್ಲ, ಕೆಟ್ಟ ಜಾಗವನ್ನು ದಾಟಿಕೊಂಡು ಹೋಗಿ ಮೊದಲು ಚೆನ್ನಾಗಿರುವುದನ್ನೆಲ್ಲ ಬಾಚಿಕೊಂಡು, ಆಮೇಲೆ ಬಿಟ್ಟುಹೋದ ಕಡೆಗಳಿಗೆ ಮರಳಿ ಬಂದು ಪ್ರಯತ್ನಿಸುತ್ತದೆ. ಎಲ್ಲಿ ಓದಿತು, ಎಲ್ಲಿ ಸೋತಿತು ಎಂಬ ಲೆಕ್ಕವನ್ನು ಮ್ಯಾಪ್ ಫೈಲ್ ಎಂಬ ಕಡತದಲ್ಲಿ ಬರೆದಿಡುತ್ತದೆ. ನಡುವೆ ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಮೂಲ ಯಾವುದು, ಇಳಿಸುವ ಡಿಸ್ಕ್ ಯಾವುದು ಎಂಬುದನ್ನು ಗಾತ್ರವನ್ನೂ ಸೀರಿಯಲ್ ಸಂಖ್ಯೆಯನ್ನೂ ನೋಡಿ ಮೂರು ಸಲ ಖಚಿತಪಡಿಸಿಕೊಳ್ಳಿ. ಇವೆರಡು ಅದಲುಬದಲಾದರೆ ಖಾಲಿ ಡಿಸ್ಕಿನ ಸೊನ್ನೆಗಳು ಅಪ್ಪನ ಕಡತಗಳ ಮೇಲೆ ಬಂದು ಕೂರುತ್ತವೆ, ಅದಕ್ಕೆ ಯಾವ ಪ್ರಯೋಗಾಲಯದಲ್ಲೂ ಪರಿಹಾರವಿಲ್ಲ.

ವಿಂಡೋಸಿಗೆ ಮಾತ್ರ ಸಿಕ್ಕಿಸಬೇಡಿ. ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು ಎಂದು ಅದು ಕೇಳಬಹುದು, ಗಾಬರಿಯಲ್ಲಿ ಯಾರಾದರೂ ಹೌದು ಎಂದು ಒತ್ತಿಬಿಡುತ್ತಾರೆ. ಚೆಕ್ ಡಿಸ್ಕ್ ಓಡಿಸುವುದೂ ಬೇಡ. ಅದು ಮುರಿದ ಕೊಂಡಿಗಳನ್ನು ಸರಿಪಡಿಸುವ ಹೆಸರಿನಲ್ಲಿ ಡಿಸ್ಕಿನ ಮೇಲೆ ಬರೆಯುತ್ತದೆ, ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯಲೇಬಾರದು.

ಬಯಲುಸೀಮೆ:

ಇದೇ ವಿಷಯಕ್ಕೆ ಸೇರಿದ ಪ್ರಶ್ನೆ. ಕೆಟ್ಟ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಓದುತ್ತದೆ ಎಂದು ಕೇಳಿದ್ದೇನೆ, ಅದು ನಿಜವೇ? ನನ್ನ ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಿ ಅದು ಆನ್ ಆಗುತ್ತಿಲ್ಲ. ಅದರಲ್ಲಿ ಇರುವುದು ಎಸ್‌ಎಸ್‌ಡಿ. ಈ ವಿಧಾನಗಳೆಲ್ಲ ಅದಕ್ಕೂ ಅನ್ವಯಿಸುತ್ತವೆಯೇ?

ಹಳೇ ದಾಸ್ತಾನು:

ಫ್ರಿಜ್ಜಿನಲ್ಲಿ ಇಡಬೇಡಿ. ಹೊರತೆಗೆದ ಕೂಡಲೇ ತಣ್ಣನೆಯ ತಟ್ಟೆಯ ಮೇಲೆ ನೀರಿನ ಹನಿ ಕೂರುತ್ತದೆ, ಆಮೇಲೆ ಹೆಡ್ಡು ಅದರ ಮೇಲೆ ಓಡುತ್ತದೆ.

ಎಸ್‌ಎಸ್‌ಡಿಯದು ಬೇರೆ ಕಥೆ. ಅದರಲ್ಲಿ ತಿರುಗುವ ಭಾಗಗಳಿಲ್ಲ, ದತ್ತಾಂಶವಿರುವುದು ಚಿಪ್ಪುಗಳಲ್ಲಿ. ಕಾಫಿ ಬೋರ್ಡಿಗೆ ಮಾತ್ರ ತಾಗಿದ್ದು, ಬಿಡಿಸಬಹುದಾದ ಎಂ.2 ಬಗೆಯ ಎಸ್‌ಎಸ್‌ಡಿ ಕಡ್ಡಿ ಒಣಗಿಯೇ ಇದ್ದರೆ ಅದನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ಓದಬಹುದು. ಆಗ ವಿಂಡೋಸಿನ ಬೀಗವಾದ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಿದರೆ, ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಕೀ ಇಲ್ಲದೆ ಪ್ರಯೋಗಾಲಯದವರೂ ಏನೂ ಮಾಡಲಾರರು. ಇತ್ತೀಚಿನ ಮ್ಯಾಕ್‌ಬುಕ್ಕುಗಳಲ್ಲಿ ಸಂಗ್ರಹದ ಚಿಪ್ಪುಗಳು ಬೋರ್ಡಿಗೇ ಬೆಸೆದಿದ್ದು ಗೂಢಲಿಪಿಯಲ್ಲಿರುತ್ತವೆ, ಹಾಗಾಗಿ ಬೋರ್ಡನ್ನೇ ಬದುಕಿಸಬೇಕಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕಡತಗಳನ್ನು ಹುಡುಕುವುದಂತೂ ಬಹುತೇಕ ವ್ಯರ್ಥ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ಆದೇಶ ಖಾಲಿಮಾಡಿಸಿಬಿಡುತ್ತದೆ.

ಶರಾವತಿ ಹಿನ್ನೀರು:

ನಾಲ್ಕು ದಿನ ಮಳೆ ಬಿಡುವು ಕೊಟ್ಟಿತು. ಮೊದಲ ದಿನ ಬೆಳಿಗ್ಗೆ ತಮ್ಮ ಡಯೋಡನ್ನು ಎತ್ತಿದ. ಕಿತ್ತ ಡಯೋಡನ್ನು ಅಂಗೈಯಲ್ಲಿ ಇಟ್ಟು ನೋಡಿದರೆ ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು, ಸುತ್ತ ಕಂದು ಬಣ್ಣ. ಸಿಡಿಲು ಅಲ್ಲಿಯವರೆಗೆ ಬಂದು ನಿಂತಿತ್ತು. ಬೋರ್ಡಿನಲ್ಲಿ ಶಾರ್ಟ್ ಹೋಗಿತ್ತು. ಚುಕ್ಕೆಗಳನ್ನು ರಬ್ಬರಿನಿಂದ ಒರೆಸಿ, ಬೋರ್ಡ್ ಕೂರಿಸಿ, ಡೇಟಾ ಕೇಬಲ್ ಹಾಕದೆ ಬರೀ ಪವರ್ ಕೊಟ್ಟೆವು. ಸಣ್ಣಗೆ ಶುರುವಾದ ಗುಂಯ್ ಸದ್ದು ಏರುತ್ತಾ ಹೋಗಿ ಒಂದೇ ಸಮನಾಯಿತು. ಬಡಿತವಿಲ್ಲ, ಕೀಚಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅಪ್ಪ ಬೆಳಗಿನ ಕಾಫಿಯ ಹೊತ್ತಿಗೆ ಗುಂಡಿ ಒತ್ತುತ್ತಿದ್ದಾಗ ಬರುತ್ತಿದ್ದ ಸದ್ದೇ ಅದು.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ತೆಗೆದಾಗ, ಓದಲು ಕಷ್ಟವಾಗಿ ಕಾದಿರುವ ಸೆಕ್ಟರುಗಳ ಸಂಖ್ಯೆ ತೋರಿಸುವ 197ನೆಯ ಸಾಲಿನಲ್ಲಿ ಸೊನ್ನೆಯ ಬದಲು ದೊಡ್ಡ ಅಂಕಿಯೇ ಇತ್ತು. ಹಾಗಾಗಿ ತಡಮಾಡದೆ ಡಿಡಿರೆಸ್ಕ್ಯೂ ಶುರು ಮಾಡಿದೆವು. ಮೊದಲ ಸುತ್ತು ಐದು ಗಂಟೆಯಲ್ಲಿ ಮುಗಿಯಿತು. ಬಿಟ್ಟುಹೋದ ಜಾಗಗಳನ್ನು ಕೆರೆದು ತೆಗೆಯಲು ರಾತ್ರಿಯಿಡೀ ಹಿಡಿಯಿತು. ಕೊನೆಯಲ್ಲಿ ಓದಲಾಗದೆ ಉಳಿದದ್ದು ಸುಮಾರು 1.3 ಮೆಗಾಬೈಟ್, ಅಂದರೆ 512 ಬೈಟಿನ ಎರಡೂವರೆ ಸಾವಿರ ಸೆಕ್ಟರುಗಳಷ್ಟು. 500 ಗಿಗಾಬೈಟಿನಲ್ಲಿ ಇಷ್ಟೇ. ಇಮೇಜಿನ ಇನ್ನೊಂದು ಪ್ರತಿ ಮಾಡಿಕೊಂಡು, ಓದಲು ಮಾತ್ರ ಬರುವಂತೆ ತೆರೆದೆವು. ಡಿ ಡ್ರೈವಿನಲ್ಲಿ 'ಪದಗಳು' ಎಂಬ ಫೋಲ್ಡರ್ ಹಾಗೆಯೇ ಇದೆ! ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ಇನ್ನು ಮೂರು ತೊಡಕುಗಳು ಉಳಿದಿವೆ. ಯಾವ ಕಡತಗಳು ಆ ಕೆಟ್ಟ ಸೆಕ್ಟರುಗಳಲ್ಲಿ ಸಿಕ್ಕಿವೆ ಎಂದು ತಿಳಿಯುವುದು ಹೇಗೆ? ಫೋಲ್ಡರಿನಲ್ಲಿ 2013ರಿಂದ ಈಚಿನವು ಮಾತ್ರ ಇವೆ. ಅದಕ್ಕೂ ಹಿಂದಿನವು ಸಿ ಡ್ರೈವಿನಲ್ಲಿದ್ದು, ಆ ವರ್ಷ ರಿಪೇರಿಗೆ ಬಂದವರೊಬ್ಬರು ಕೇಳದೆ ಫಾರ್ಮ್ಯಾಟ್ ಮಾಡಿ ವಿಂಡೋಸ್ 7 ಹಾಕಿದ್ದರಿಂದ ಹೋದವೆಂದು ಅಪ್ಪ ಬಹಳ ನೊಂದುಕೊಂಡಿದ್ದರು. ಅವನ್ನು ಹುಡುಕಬಹುದೇ? ಮತ್ತು ತೆರೆದ ಕಡತಗಳಲ್ಲಿ ಕನ್ನಡದ ಬದಲು ಏನೇನೋ ಚಿಹ್ನೆಗಳು ಕಾಣುತ್ತಿವೆ, ಅವು ಕೆಟ್ಟಿವೆಯೇ?

ಅಕ್ಷರ ಜೋಡಣೆ:

ಈವರೆಗೆ ಓದುತ್ತಾ ಇದ್ದೆ, ಇನ್ನು ನನ್ನ ಕಸುಬಿನ ವಿಷಯ ಬಂತು. ಡಿಟಿಪಿ ಕೇಂದ್ರ ನಡೆಸಿದವನಿಗೆ ಇಂಥ ಕಡತಗಳು ದಿನನಿತ್ಯದ್ದು. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಅವು ಕೆಟ್ಟಿಲ್ಲ. ಆ ಕಾಲದ ನುಡಿ ಅಕ್ಷರಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ, ಆಗಿರಲಿಲ್ಲ. ಇಂಗ್ಲಿಷ್ ಮತ್ತು ಯೂರೋಪಿನ ಚಿಹ್ನೆಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ನ ಅಕ್ಷರದ ಜಾಗದಲ್ಲಿ ಪೌಂಡ್ ಹಣದ ಚಿಹ್ನೆ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ದೊಡ್ಡ ಎ ಕಾಣುತ್ತದೆ. ಪೌಂಡ್ ಚಿಹ್ನೆ ಸಾಲುಸಾಲಾಗಿ ಕಂಡರೆ ಸಂತೋಷಪಡಿ, ಅದು ಅಪ್ಪ ಬರೆದ ಕನ್ನಡವೇ. ನುಡಿ ಫಾಂಟನ್ನು ಅಳವಡಿಸಿದರೆ ಹಾಗೆಯೇ ಓದಬಹುದು. ಮುಂದೆ ಉಳಿಯಬೇಕೆಂದರೆ ಆಸ್ಕಿ ಎನ್ನುವ ಈ ಹಳೆಯ ರೂಪದಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ. ಹಾಕಿದ ಮೇಲೆ ಅರ್ಕಾವತ್ತು ಬಂದ ಪದಗಳನ್ನೂ ಎರಡು ಒತ್ತು ಸೇರಿದ ಪದಗಳನ್ನೂ ಕಣ್ಣಿಟ್ಟು ನೋಡಿ. ಪರಿವರ್ತಕಗಳು ಎಡವುವುದು ಸಾಮಾನ್ಯವಾಗಿ ಅಲ್ಲಿ. ಜನಪದ ಹಾಡಿನಲ್ಲಿ ಆಡುಮಾತಿನ ರೂಪಗಳಿರುವುದರಿಂದ ಯಂತ್ರದ ತಪ್ಪನ್ನೂ ಹಾಡುಗಾರರ ಉಚ್ಚಾರವನ್ನೂ ಬೇರ್ಪಡಿಸುವುದು ನಿಮ್ಮಂಥ ಮನೆಯವರಿಂದ ಮಾತ್ರ ಆಗುತ್ತದೆ.

2013ರ ಹಿಂದಿನವುಗಳ ಬಗ್ಗೆ. ಫಾರ್ಮ್ಯಾಟಿನಲ್ಲಿ ಎರಡು ಬಗೆ. ಕ್ವಿಕ್ ಫಾರ್ಮ್ಯಾಟ್ ಕಡತಗಳ ಪಟ್ಟಿಯನ್ನು ಮಾತ್ರ ಹೊಸದಾಗಿಸುತ್ತದೆ, ಒಳಗಿನದು ಮೇಲೆ ಬೇರೇನಾದರೂ ಬರೆಯುವವರೆಗೂ ಇರುತ್ತದೆ. ವಿಸ್ಟಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಲ್ಲ ಕಡೆ ಸೊನ್ನೆ ಬರೆಯುತ್ತದೆ. ರಿಪೇರಿಯವರು ಅವಸರದಲ್ಲಿ ಮಾಡುವುದು ಬಹುಪಾಲು ಮೊದಲನೆಯದನ್ನೇ, ಆದ್ದರಿಂದ ಆಸೆ ಇದೆ. ಇಮೇಜಿನ ಮೇಲೆ ಫೋಟೋರೆಕ್ ಎಂಬ ತಂತ್ರಾಂಶ ಓಡಿಸಿ. ಅದು ಕಡತಗಳ ಹೆಸರನ್ನು ನೋಡುವುದಿಲ್ಲ, ಪ್ರತಿ ಬಗೆಯ ಕಡತದ ಆರಂಭದಲ್ಲಿರುವ ಗುರುತನ್ನು ಹುಡುಕುತ್ತದೆ. ಹಳೆಯ ವರ್ಡ್ ಕಡತ ಡಿ, ಸೊನ್ನೆ, ಸಿ, ಎಫ್, ಒಂದು, ಒಂದು, ಇ, ಸೊನ್ನೆ ಎಂಬ ಸಂಕೇತದಿಂದ ಶುರುವಾಗುತ್ತದೆ. ಒಟ್ಟಾಗಿ ಓದಿದರೆ ಡಾಕ್‌ಫೈಲ್ ಎಂದೇ ಕಾಣುತ್ತದೆ! ಆಯ್ಕೆಗಳಲ್ಲಿ ಡಾಕ್ ಬಗೆಯನ್ನು ಮಾತ್ರ ಉಳಿಸಿಕೊಳ್ಳಿ, ಇಲ್ಲವಾದರೆ ವಿಂಡೋಸಿನ ಸಾವಿರಾರು ಚಿತ್ರಗಳ ನಡುವೆ ಕಳೆದುಹೋಗುತ್ತೀರಿ. ಸಿಕ್ಕಿದ್ದೆಲ್ಲ 500ರಂತೆ ಒಂದೊಂದು ಫೋಲ್ಡರಿನಲ್ಲಿ ಸೇರುತ್ತದೆ. ಹೆಸರಿನ ಬದಲು ಎಫ್ ಅಕ್ಷರ ಮತ್ತು ಸೆಕ್ಟರಿನ ಸಂಖ್ಯೆ ಇರುತ್ತದೆ.

ಅವುಗಳಲ್ಲಿ ಅಪ್ಪನವರದನ್ನು ಆರಿಸಲು ಒಂದು ಉಪಾಯ. ನುಡಿಯಲ್ಲಿ 'ಅಂಟಿಗೆ' ಎಂದು ಬೆರಳಚ್ಚು ಮಾಡಿ, ಫಾಂಟನ್ನು ಸಾದಾ ಇಂಗ್ಲಿಷಿಗೆ ಬದಲಿಸಿ, ಆಗ ಕಾಣುವ ಚಿಹ್ನೆಗಳ ಸಾಲನ್ನು ಬರೆದುಕೊಳ್ಳಿ. ಲಿಬ್ರೆಆಫೀಸ್ ಮೂಲಕ ಎಲ್ಲ ಕಡತಗಳನ್ನೂ ಒಟ್ಟಿಗೆ ಬರೀ ಪಠ್ಯವಾಗಿಸಿ, ಅವುಗಳಲ್ಲಿ ಆ ಸಾಲನ್ನು ಹುಡುಕಿ. ಕಡತಗಳನ್ನು ಪಠ್ಯವಾಗಿಸದೆ ನೇರವಾಗಿ ಹುಡುಕಲು ಹೋದರೆ ಒಳಗಿರುವುದು ಸಾಮಾನ್ಯವಾಗಿ ವಿಂಡೋಸ್-1252 ಎಂಬ ಹಳೆಯ ಅಕ್ಷರ ಸಂಕೇತ, ನೀವು ಕೊಡುವುದು ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತ. ಎರಡೂ ಹೊಂದದೆ ಏನೂ ಸಿಗಲಿಲ್ಲವೆಂದು ನಿರಾಶರಾಗುತ್ತೀರಿ.

ಬೆಸುಗೆ ಮೇಜು:

ಉಳಿದ ಒಂದು ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಡಿಡಿರೆಸ್ಕ್ಯೂವಿನಲ್ಲಿ ಫಿಲ್ ಮೋಡ್ ಎಂಬ ಸೌಲಭ್ಯವಿದೆ. ಮ್ಯಾಪ್ ಫೈಲಿನ ಪ್ರಕಾರ ಓದಲಾಗದ ಸೆಕ್ಟರುಗಳಲ್ಲಿ ಮಾತ್ರ ನೀವು ಕೊಟ್ಟ ಒಂದು ವಿಚಿತ್ರ ಪದವನ್ನು ಅದು ತುಂಬುತ್ತದೆ. ಇಮೇಜಿನ ಎರಡನೆಯ ಪ್ರತಿಯ ಮೇಲೆ, ಮ್ಯಾಪ್ ಫೈಲಿನ ನಕಲನ್ನು ಬಳಸಿ ಹಾಗೆ ತುಂಬಿ, ಆಮೇಲೆ ಎಲ್ಲ ಕಡತಗಳಲ್ಲೂ ಆ ಪದವನ್ನು ಹುಡುಕಿ. ಅದು ಸಿಕ್ಕ ಕಡತಗಳೇ ಗಾಯಗೊಂಡವು, ಉಳಿದವು ಸುರಕ್ಷಿತ. ಗಾಯಗೊಂಡ ಕಡತ ತೆರೆಯದಿದ್ದರೆ, ವರ್ಡಿನಲ್ಲಿ ತೆರೆಯುವಾಗ ಯಾವುದೇ ಕಡತದಿಂದ ಪಠ್ಯವನ್ನಷ್ಟೇ ಎತ್ತುವ ಆಯ್ಕೆಯೊಂದಿದೆ, ಅದನ್ನು ಪ್ರಯತ್ನಿಸಿ.

ಶರಾವತಿ ಹಿನ್ನೀರು:

ಎರಡು ವಾರವಾಯಿತು, ನಡೆದದ್ದನ್ನು ತಿಳಿಸುತ್ತೇನೆ. 'ಪದಗಳು' ಫೋಲ್ಡರಿನ 212 ಕಡತಗಳಲ್ಲಿ ಎರಡರಲ್ಲಿ ಮಾತ್ರ ಆ ಗುರುತಿನ ಪದ ಸಿಕ್ಕಿತು. ಫೋಟೋರೆಕ್ ಹೊರಹಾಕಿದ ಕಡತಗಳಲ್ಲಿ 'ಅಂಟಿಗೆ' ಮತ್ತು 'ಸೋಬಾನೆ'ಯ ಚಿಹ್ನೆಗಳ ಸಾಲನ್ನು ಹುಡುಕಿದಾಗ 61 ಕಡತಗಳು ಬಂದವು. ಹಲವು ಒಂದೇ ಹಾಡಿನ ಬೇರೆ ಬೇರೆ ಹಂತದ ಪ್ರತಿಗಳು. ಅವುಗಳಲ್ಲಿ 2010ರ ದೀಪಾವಳಿಯ ರಾತ್ರಿ ಅಪ್ಪ ಮೂರು ಊರು ಸುತ್ತಿ ಬರೆದುಕೊಂಡ ಪದಗಳೂ ಇವೆ. ಹೋದವೆಂದು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದದ್ದು ಇವನ್ನೇ. ಅಷ್ಟು ವರ್ಷವೂ ಅವು ಅವರು ಕುಳಿತು ಬರೆಯುತ್ತಿದ್ದ ಅದೇ ಡಿಸ್ಕಿನಲ್ಲೇ ಇದ್ದವು.

ಗಾಯಗೊಂಡ ಎರಡು ಕಡತಗಳಲ್ಲಿ ಒಂದರಿಂದ ಪಠ್ಯ ಪೂರ್ತಿ ಸಿಕ್ಕಿತು, ಹೋಗಿದ್ದದ್ದು ಅದರೊಳಗಿನ ಒಂದು ಚಿತ್ರ. ಇನ್ನೊಂದು ಹೆಣ್ಣು ಒಪ್ಪಿಸಿಕೊಡುವ ಸೋಬಾನೆ ಪದ. ನಡುವೆ ಹದಿನಾಲ್ಕು ಸಾಲು ಇಲ್ಲ. ಯೂನಿಕೋಡಿಗೆ ಬದಲಿಸಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಅಮ್ಮನ ಕೈಗೆ ಕೊಟ್ಟೆ. ಅವರು ಓದುತ್ತಾ ಹೋಗಿ, ಖಾಲಿ ಜಾಗ ಬಂದಾಗ ನಿಲ್ಲಿಸದೆ ಒಂಬತ್ತು ಸಾಲು ಹಾಡಿಬಿಟ್ಟರು. ಅದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ. ಉಳಿದ ಐದು ಸಾಲಿಗೆ, ಅಪ್ಪ ಕಡತದ ತುದಿಯಲ್ಲಿ ಹಾಡಿದವರ ಊರನ್ನು ಬರೆದಿಟ್ಟಿದ್ದಾರೆ. ಬರುವ ಭಾನುವಾರ ಅಲ್ಲಿಗೆ ಹೋಗುತ್ತಿದ್ದೇವೆ.

ಎಲ್ಲವನ್ನೂ ಎರಡು ಹೊಸ ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ಶಿವಮೊಗ್ಗದಲ್ಲಿರುವ ಅಕ್ಕನ ಮನೆಗೆ ಕಳಿಸಿದ್ದೇನೆ. ಹಳೆಯ ಡಿಸ್ಕಿಗೆ ಮತ್ತೆ ಕರೆಂಟು ಕೊಟ್ಟಿಲ್ಲ.